ವೋಲ್ಟೇಜ್ ಇಳಿಸುತ್ತಿದ್ದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಒಳಬದಿಯಲ್ಲಿ ಕಡಲೆಕಾಳಿನಷ್ಟು ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ವರ್ಷಗಟ್ಟಲೆ ಪವರ್ ಸಪ್ಲೈ ಪೆಟ್ಟಿಗೆಯ ಗುಂಡಿ ತಿರುಗಿಸಿ ತಿರುಗಿಸಿ ಬಂದ ಗುರುತು ಅದು. ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ನಮ್ಮ ಕಾರ್ಖಾನೆಯಲ್ಲಿ ಆಗತಾನೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳು ತಯಾರಾಗುತ್ತವೆ. ಅವುಗಳ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಮೇಜು ಅವರದು. ಅಲ್ಲಿ ಮರಾಠಿ ಮಂದಿಯೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅಕ್ಕ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಐಟಿಐ ಓದಿದವರು. ನಾನು ತುಮಕೂರಿನವಳು, ಎಂ.ಟೆಕ್., ಸರ್ಕ್ಯೂಟ್ ವಿನ್ಯಾಸ ಮಾಡುವ ಇಂಜಿನಿಯರ್. ಆ ಡಿಗ್ರಿ ಆಗ ನನ್ನ ತಲೆಯ ಮೇಲೆ ಕೊಂಬಿನ ಹಾಗೆ ಕೂತಿತ್ತು. ಅಕ್ಕ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಂಚಿ ತಿನ್ನುವಾಗ ನನ್ನ 'ಹೋಗ್ಬಿಟ್ಟು ಬರ್ತೀನಿ'ಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದರು. ಆದರೆ ಗುಂಡಿಯ ಮೇಲೆ ಕೈ ಇಟ್ಟರೆಂದರೆ ಮಾತು ಬಂದ್. ಮ್ಯಾನೇಜರೇ ಬಂದು ನಿಂತರೂ ತಲೆ ಎತ್ತುತ್ತಿರಲಿಲ್ಲ.

ಉಳಿದವರೆಲ್ಲ ಬೋರ್ಡಿನ ಸ್ವಿಚ್ ಒಮ್ಮೆ ಆಫ್ ಮಾಡಿ, ಒಮ್ಮೆ ಆನ್ ಮಾಡಿ, ನಡೆಯಿತಾ, ಪಾಸ್ ಅನ್ನುತ್ತಿದ್ದರು. ಅಕ್ಕ ಹಾಗಲ್ಲ. ಐದು ವೋಲ್ಟನ್ನು ಚೂರು ಚೂರೇ ಇಳಿಸುತ್ತ, ಪ್ರೊಸೆಸರ್ ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ಮತ್ತೆ ಚೂರು ಚೂರೇ ಏರಿಸುತ್ತಿದ್ದರು. ಇಷ್ಟು ನಿಧಾನ ಏಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ನನ್ನನ್ನು ಮೇಡಂ ಎನ್ನುವ ಬದಲು ಬಾಯಿ ಎಂದು ಕರೆಯುತ್ತಿದ್ದ ಅಕ್ಕ ಹೇಳಿದ್ದರು: "ಸತ್ತದ್ದರ ಭಯ ಇಲ್ರಿ ಬಾಯಿ. ಅರ್ಧ ಎಚ್ಚರ ಇದ್ದದ್ದರ ಭಯ."

ಮಾತು ನೂರಕ್ಕೆ ನೂರು ನಿಜ. ವಿದ್ಯುತ್ ಪೂರ್ತಿ ಹೋದರೆ ಪ್ರೊಸೆಸರ್ ಸುಮ್ಮನೆ ನಿಲ್ಲುತ್ತದೆ. ಅರೆಬರೆ ಇಳಿದರೆ ನಿಲ್ಲುವುದೂ ಇಲ್ಲ, ಸರಿಯಾಗಿ ನಡೆಯುವುದೂ ಇಲ್ಲ, ಹುಚ್ಚು ಹಿಡಿದಂತೆ ಏನೋ ಮಾಡುತ್ತದೆ. ಅದಕ್ಕೇ ಪಕ್ಕದಲ್ಲಿ ಮೂರು ಕಾಲಿನ ಒಂದು ಪುಟ್ಟ ರಿಸೆಟ್ ಚಿಪ್ಪನ್ನು ಕಾವಲಿಗೆ ಇಡುತ್ತಾರೆ. ವೋಲ್ಟೇಜ್ ಗೊತ್ತುಪಡಿಸಿದ ಗೆರೆಯಿಂದ ಕೆಳಗಿಳಿದ ಕ್ಷಣವೇ ಅದು ಪ್ರೊಸೆಸರನ್ನು ಹಿಡಿದು ನಿಲ್ಲಿಸುತ್ತದೆ. ಮತ್ತೆ ಏರಿತೆಂದು ಕೂಡಲೇ ಬಿಡುವುದಿಲ್ಲ. ಒಂದು ಗಳಿಗೆ ಕಾದು, ವೋಲ್ಟೇಜ್ ನೆಲೆ ನಿಂತಿದೆ ಎಂದು ಖಾತ್ರಿಯಾದ ಮೇಲೆ ಬಿಡುತ್ತದೆ. ಆಗ ಎಲ್ಲ ಕೆಲಸವೂ ಮೊದಲಿನಿಂದ ಶುರುವಾಗುತ್ತದೆ.

ಒಂದು ವರ್ಷ ಆ ಚಿಪ್ಪು ಪೇಟೆಯಲ್ಲಿ ಎಲ್ಲೂ ಸಿಗಲಿಲ್ಲ. ನಾನು ಜಾಣತನ ಮಾಡಿದೆ. ಚಿಪ್ಪಿನ ಜಾಗಕ್ಕೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಜೋಡಿಸಿದೆ. ಸ್ವಿಚ್ ಹಾಕಿದಾಗ ಪ್ರೊಸೆಸರನ್ನು ಒಂದು ಗಳಿಗೆ ತಡೆದು ಬಿಡಲು ಅವೆರಡೇ ಸಾಕು. ಆಫ್, ಆನ್, ಪಾಸ್. ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದರು. ಇನ್ನೂರು ಬೋರ್ಡು ವಾರ್ಮರ್‌ಗಳೊಳಗೆ ಕೂತವು, ಮಾಲು ಒಯ್ಯಲು ಟೆಂಪೊಗಳು ಗೇಟಿಗೆ ಬಂದವು. ಅಕ್ಕ ಮಾತ್ರ ಪರೀಕ್ಷೆಯ ವರದಿಗೆ ಸಹಿ ಮಾಡಲಿಲ್ಲ. ಮ್ಯಾನೇಜರು ಮರಾಠಿಯಲ್ಲಿ ರೇಗಿದರು, ಹಿಂದಿಯಲ್ಲಿ ಬೇಡಿಕೊಂಡರು, ಕಡೆಗೆ ಇಂಜಿನಿಯರ್ ಸಹಿ ಇದ್ದರೆ ಸಾಕು ಎಂದು ಪೆನ್ನನ್ನು ನನ್ನ ಕೈಗೆ ಕೊಟ್ಟರು. ಐಟಿಐ ಹೆಂಗಸು ನನ್ನ ಸರ್ಕ್ಯೂಟನ್ನು ತಡೆಯುವುದೇ ಎಂದು ನನಗೂ ಪಿತ್ತ ನೆತ್ತಿಗೇರಿತ್ತು. ಸಹಿ ಮಾಡಿ ಅವರ ಮುಖಕ್ಕೇ ತೋರಿಸಬೇಕೆಂದು ಅವರ ಮೇಜಿನ ಬಳಿಗೇ ಹೋದೆ.

ಅಕ್ಕ ವಾದ ಮಾಡಲಿಲ್ಲ. ಹೀಟರ್ ಉರಿಯುತ್ತಿದ್ದ ಒಂದು ವಾರ್ಮರ್‌ನ ಹಾಸಿಗೆಯ ಮೇಲೆ ನನ್ನ ಅಂಗೈ ಇಡಲು ಹೇಳಿ, ಅದರ ಬೋರ್ಡಿಗೆ ಜೋಡಿಸಿದ್ದ ತಮ್ಮ ಪೆಟ್ಟಿಗೆಯ ಗುಂಡಿ ತಿರುಗಿಸತೊಡಗಿದರು. ಮೂರು ವೋಲ್ಟಿನ ಹತ್ತಿರ ಪರದೆಯ ಮೇಲಿನ ಉಷ್ಣತೆಯ ಅಂಕಿ ಅಲುಗದೆ ನಿಂತುಬಿಟ್ಟಿತು. ಅಷ್ಟೇ ನಿಧಾನವಾಗಿ ಐದಕ್ಕೆ ಏರಿಸಿದರು. ಅಂಕಿ ಮೂವತ್ತಾರರಲ್ಲೇ ಇತ್ತು, ಮೇಲಿನ ಹೀಟರ್ ಮಾತ್ರ ಆರದೆ ಉರಿಯುತ್ತಲೇ ಇತ್ತು. ನನ್ನ ಕೆಪಾಸಿಟರ್ ಏನನ್ನೂ ಗಮನಿಸಿರಲಿಲ್ಲ. ಶಾಖ ಏರುತ್ತ ಹೋಯಿತು. ಹಟಕ್ಕೆ ಬಿದ್ದು ತಡೆದುಕೊಂಡೆ. ಕೊನೆಗೆ ಕೈ ತಾನಾಗಿ ಹಿಂದಕ್ಕೆ ಬಂತು.

"ನೀವು ಕೈ ತಗದ್ರಿ," ಎಂದರು ಅಕ್ಕ. "ಕೂಸಿಗಿ ತಗೀಲಾಕ ಬರಲ್ಲ."

ನಾನು ಸಹಿ ಮಾಡಲಿಲ್ಲ. ಟೆಂಪೊಗಳು ಖಾಲಿ ಹೋದವು. ಎಲ್ಲೆಲ್ಲೋ ಹುಡುಕಿ ಚಿಪ್ಪು ತರಿಸಿ, ಇನ್ನೂರು ಬೋರ್ಡನ್ನೂ ಬಿಚ್ಚಿ ಅಕ್ಕ ಮತ್ತು ನಾನು ಮೂರು ವಾರ ಬೆಸುಗೆ ಹಾಕಿದೆವು. ಪ್ರತಿ ಬೋರ್ಡನ್ನೂ ಅವರು ಮತ್ತೆ ಇಳಿಸಿ ಏರಿಸಿ ನೋಡಿದರು. ಈ ನಡುವೆ ಮ್ಯಾನೇಜರು ಗಿರಾಕಿಗೆ ಬರೆದ ಮೇಲ್‌ನಲ್ಲಿ, ತಡವಾದದ್ದು ಟೆಸ್ಟಿಂಗ್ ವಿಭಾಗದಿಂದ ಎಂದಿತ್ತು. ಅದರ ಪ್ರತಿ ನನಗೂ ಬಂದಿತ್ತು. ವಿನ್ಯಾಸವೇ ತಪ್ಪಿತ್ತು, ತಪ್ಪು ನನ್ನದು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಆ ವರ್ಷ ಅಕ್ಕನಿಗೆ ಬರಬೇಕಿದ್ದ ಸೂಪರ್‌ವೈಸರ್ ಜಾಗ ಬೇರೆಯವರ ಪಾಲಾಯಿತು. ಅಕ್ಕ ಆ ಮಾತನ್ನೇ ಎತ್ತಲಿಲ್ಲ, ರೊಟ್ಟಿ ಹಂಚುವುದನ್ನೂ ನಿಲ್ಲಿಸಲಿಲ್ಲ. ನನಗೆ ಮಾತ್ರ ಆ ರೊಟ್ಟಿ ತಿನ್ನಲು ನಾಚಿಕೆಯಾಗುತ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಎರಡು ವರ್ಷ ಕಳೆದೆ.

ಒಂದು ಸೋಮವಾರ ಅಕ್ಕ ಕೆಲಸಕ್ಕೆ ಬರಲಿಲ್ಲ. ಬೆಳಗಿನ ಜಾವ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರಂತೆ.

ನಾಲ್ಕನೆಯ ದಿನ ಕ್ಯಾಂಟೀನಿನಲ್ಲಿ ಶೋಕಸಭೆ. ಅಕ್ಕನ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮ್ಯಾನೇಜರು ಮಾತು ಮುಗಿಸಿದ ಮೇಲೆ ಯಾರೂ ಕರೆಯದಿದ್ದರೂ ಎದ್ದು ನಿಂತೆ. ಇವತ್ತು ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರುವ ಹರಕು ಮರಾಠಿಯಲ್ಲೇ ಎಲ್ಲವನ್ನೂ ಹೇಳಿದೆ: ತಪ್ಪು ನನ್ನದು, ತಡೆದವರು ಅವರು, ದೂರು ಹೊತ್ತವರೂ ಅವರೇ. ಮ್ಯಾನೇಜರು ನೆಲ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಆ ಹುಡುಗಿ ಹತ್ತಿರ ಬಂದಳು. "ಅದು ನಮಗ ಮೊದಲೇ ಗೊತ್ತದ ರೀ. ಅವ್ವ ಆಗಲೇ ಮನ್ಯಾಗ ಹೇಳಿದ್ಳು. ಇಂಜಿನಿಯರ್ ಬಾಯಿ ಎಲ್ಲಾರ ಮುಂದ ತಮ್ಮ ತಪ್ಪು ಒಪ್ಪಕೊಂಡ್ರು, ಭಾಳ ಛಲೋ ಮನಸಿನಾಕಿ ಅಂತ."

ಆಗ ನಾನು ಏನನ್ನೂ ಒಪ್ಪಿಕೊಂಡಿರಲಿಲ್ಲ ಎಂದು ಅವಳಿಗೆ ಅಲ್ಲೇ ಹೇಳಿದೆ. ಅಕ್ಕ ನನಗಾಗಿ ಆಡಿದ ಆ ಒಂದು ಸುಳ್ಳನ್ನು ನಿಜ ಮಾಡಲು ನನಗೆ ಎರಡು ವರ್ಷ ಬೇಕಾಯಿತು.