ಬೀಗರ ಕಾಲರ್ ಮೇಲಿನ ಹೇನು

ಹೋದ ತಿಂಗಳು ಒಂದು ಭಾನುವಾರ. ತುಮಕೂರಿನ ಮರಳೂರಿನಲ್ಲಿ ನಮ್ಮಕ್ಕನ ಮನೆ. ಹೆಣ್ಣು ನೋಡಲು ಬಂದವರಿಂದ ಹಾಲ್ ತುಂಬಿಹೋಗಿತ್ತು. ಆಗ ಗಂಡಿನ ತಂದೆಯ ಬಿಳಿ ಶರ್ಟಿನ ಕಾಲರ್ ಮೇಲೆ ಒಂದು ಹೇನು ನಿಧಾನವಾಗಿ ವಾಕಿಂಗ್ ಹೊರಟಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಗಡಿಯಾರ ನೋಡಿದೆ. (ಅದು ನಿಂತು ಎಷ್ಟೋ ದಿನವಾಗಿತ್ತು. ಆದರೂ ನೋಡಿದೆ.)

ಮೊದಲು ಹುಡುಗಿಯ ಪರಿಚಯ ಮಾಡಿಕೊಡುತ್ತೇನೆ. ಅಕ್ಕನ ಮಗಳು ಸಹನಾ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಈಗ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ, ಪಾರಿವಾಳದ ಹೇನು. ಹೌದು, ಸರಿಯಾಗಿಯೇ ಓದಿದಿರಿ. ಪಾರಿವಾಳದ ಗರಿಗಳಲ್ಲಿ ಯಾವ ಯಾವ ಬಗೆಯ ಹೇನುಗಳಿರುತ್ತವೆ, ಯಾವುದು ಯಾವ ಗುಂಪಿಗೆ ಸೇರುತ್ತದೆ, ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಹೇಗೆ ಎಂದು ಹಗಲೆಲ್ಲ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿಕೊಂಡು ಕೂರುವ ಹುಡುಗಿ ಅವಳು. ಅಕ್ಕನ ಫ್ರಿಜ್ಜಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಪಕ್ಕದಲ್ಲೇ ಸ್ಪಿರಿಟ್ ತುಂಬಿದ ಪುಟ್ಟ ಬಾಟಲಿಗಳು, ಒಳಗೆ ಹೇನುಗಳು. ಅಕ್ಕ ಅವನ್ನು ಮುಟ್ಟುವುದಿಲ್ಲ. ಆ ಉಪ್ಪಿನಕಾಯಿಯನ್ನು ನಾನು ಮುಟ್ಟುವುದಿಲ್ಲ.

ಇದಕ್ಕೂ ಮುಂಚೆ ನಿಟ್ಟೂರಿನಿಂದ ಒಂದು ಸಂಬಂಧ ಬಂದಿತ್ತು. "ಏನ್ ಓದ್ತಿದೀಯಮ್ಮಾ?" ಅಂದಾಗ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗನ ಅತ್ತೆ ಮೆಲ್ಲಗೆ ಎದ್ದು ದೂರದ ಕುರ್ಚಿಗೆ ಹೋಗಿ ಕೂತರು. ಆಮೇಲೆ ಕಾರು ಹತ್ತುವವರೆಗೂ ತಲೆ ಕೆರೆದುಕೊಳ್ಳುತ್ತಲೇ ಇದ್ದರು. ಮರುದಿನ ಫೋನ್ ಬಂತು. "ಹುಡ್ಗಿ ಚೆನ್ನಾಗವ್ಳೆ. ಓದೇ ಯಾಕೋ ನಮಗೆ ಹಿಡಿಸ್ಲಿಲ್ಲ."

ಹಾಗಾಗಿ ಈ ಸಲ ಅಕ್ಕ ಬಿಗಿ ಬಂದೋಬಸ್ತ್ ಮಾಡಿದ್ದಳು. ಮೈಕ್ರೋಸ್ಕೋಪು ಮಂಚದ ಕೆಳಗೆ ಹೋಯಿತು. ಬಾಟಲಿಗಳು ಪಕ್ಕದ ಮನೆಯ ಫ್ರಿಜ್ಜಿಗೆ ಹೋದವು. (ಪಕ್ಕದ ಮನೆಯವರಿಗೆ ಏನೆಂದು ಹೇಳಿದಳೋ ಕೇಳಬೇಡಿ.)

"ನೋಡೋ, ಹೇನು ಅನ್ನೋ ಮಾತು ಇವತ್ತು ಈ ಮನೇಲಿ ಯಾರ ಬಾಯಲ್ಲೂ ಬರಕೂಡ್ದು. ಲೈಫ್ ಸೈನ್ಸು ಅಂತ ಹೇಳೋದು, ಅಷ್ಟೇ. ನೀನು ಸೋದರಮಾವ, ನೀನೇ ಸಂಭಾಳಿಸ್ಬೇಕು" ಎಂದು ನನಗೂ ಡ್ಯೂಟಿ ಹಾಕಿದಳು.

ಸಹನಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ನನ್ನನ್ನು ಕೇಳಿದಳು. "ಮಾವ, ಇವತ್ತು ಮುಚ್ಚಿಟ್ರೆ ಇನ್ನೆಷ್ಟು ವರ್ಷ ಮುಚ್ಚಿಡ್ಬೇಕು? ಮದುವೆ ಆದ್ಮೇಲೆ ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಸ್ಲೈಡ್ ನೋಡ್ಲಾ?"

ನನಗೆ ಸಂಕಟವಾಯಿತು. ಮಗು ಇಷ್ಟಪಟ್ಟು ಮಾಡುವ ಕೆಲಸವನ್ನು ಕಳ್ಳಮಾಲಿನ ಹಾಗೆ ಮಂಚದ ಕೆಳಗೆ ತಳ್ಳಿ, ಮೇಲೆ ಬೆಡ್‌ಶೀಟ್ ಇಳಿಬಿಟ್ಟಿದ್ದವರಲ್ಲಿ ನಾನೂ ಒಬ್ಬ.

ಗಂಡಿನ ಕಡೆಯವರು ಕುಣಿಗಲ್‌ನಿಂದ ಬಂದರು. ಹುಡುಗ ಪ್ರವೀಣ, ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತಂದೆ ಶಿವಣ್ಣ, ತೆಂಗಿನ ತೋಟದವರು. ತಾಯಿ ಜಯಮ್ಮ, ಮನೆಯ ಮಾತೆಲ್ಲ ಅವರದೇ. ಜೊತೆಗೆ ಒಂದಷ್ಟು ಹಿರಿಯರು. ಉಪ್ಪಿಟ್ಟು, ಕೇಸರಿಬಾತು, ಚಕ್ಕುಲಿ ಎಲ್ಲ ಬಂತು.

"ಏನ್ ಓದ್ತಿದೀಯವ್ವಾ?" ಜಯಮ್ಮ ಕೇಳಿದರು.

"ಲೈಫ್ ಸೈನ್ಸು!" ಹುಡುಗಿ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಬಹಳ ಸೂಕ್ಷ್ಮವಾದ ಸಬ್ಜೆಕ್ಟು" ಎಂದು ನಾನೂ ಒಗ್ಗರಣೆ ಹಾಕಿದೆ.

ಮಾತು ತಿರುಗಿಸಲು ಶಿವಣ್ಣನವರನ್ನು ಕೇಳಿದೆ. "ತೋಟದ ಕೆಲಸ ಬಿಟ್ರೆ ಟೈಮ್‌ಪಾಸ್‌ಗೆ ಏನ್ ಮಾಡ್ತೀರಾ ಸಾರ್?" ಅವರ ಮುಖ ಅರಳಿತು. ಬಾಯಿ ತೆರೆದರು. ಅಷ್ಟರಲ್ಲಿ ಜಯಮ್ಮ, "ಅವ್ರಿಗೇನೂ ಇಲ್ಲ ಬುಡಿ. ತೋಟ, ಮನೆ, ಅಷ್ಟೇಯ" ಎಂದುಬಿಟ್ಟರು. ಶಿವಣ್ಣ ತೆರೆದ ಬಾಯಿಗೆ ಚಕ್ಕುಲಿ ಹಾಕಿಕೊಂಡರು.

ಆಗಲೇ ಕಾಲರ್ ಮೇಲೆ ಅದು ಕಾಣಿಸಿದ್ದು.

ಮೊದಲು ನಾನು ನೋಡಿದೆ. ನಂತರ ಅಕ್ಕ. ನಂತರ ಜಯಮ್ಮ. ಆಮೇಲೆ ಇಡೀ ಹಾಲ್ ನೋಡಿತು. ನೋಡದೆ ಇದ್ದವರು ಶಿವಣ್ಣ ಒಬ್ಬರೇ.

"ಎಳ್ಳು ಕಣ್ರೀ, ಚಕ್ಕುಲೀದು" ಎಂದಳು ಅಕ್ಕ. ಎಷ್ಟಾದರೂ ಬೀಗರ ಮರ್ಯಾದೆ ಕಾಯಬೇಕಲ್ಲ?

ಎಳ್ಳು ಕಾಲರ್ ದಾಟಿ ಭುಜದ ಕಡೆ ಹೊರಟಿತು.

ಜಯಮ್ಮನವರ ಮುಖ ನೋಡಲಾಗಲಿಲ್ಲ. ಒಬ್ಬ ಹೆಂಗಸು ಜೀವಮಾನವಿಡೀ ಉಜ್ಜಿ ತೊಳೆದು ಕಾಪಾಡಿಕೊಂಡ ಮನೆಯ ಮಾನ, ಅಪರಿಚಿತರೆದುರು ಆರು ಕಾಲಿನ ಮೇಲೆ ನಡೆದು ಹೋಗುತ್ತಿತ್ತು. ನಮ್ಮ ಕಡೆಯ ಹಿರಿಯರೊಬ್ಬರು ಆಗಲೇ ಕುರ್ಚಿ ಹಿಂದೆ ಸರಿಸಿದ್ದರು. ಈ ಸಂಬಂಧವೂ ಮುಗಿಯಿತು ಅಂದುಕೊಂಡೆ.

ಸಹನಾ ಕಾಫಿ ಟ್ರೇ ಕೆಳಗಿಟ್ಟಳು.

"ಅಂಕಲ್, ಒಂದ್ ನಿಮಿಷ ಅಲ್ಲಾಡ್ಬೇಡಿ."

ಬೆರಳ ತುದಿ ನೀರಿಗೆ ಅದ್ದಿ ಅದನ್ನು ಎತ್ತಿಕೊಂಡಳು. ಬಿಳಿ ಸಾಸರ್ ಮೇಲೆ ಇಟ್ಟಳು. ಎಲ್ಲಿಂದಲೋ ಒಂದು ಪುಟ್ಟ ಲೆನ್ಸ್ ಹೊರಬಂತು. (ರೇಷ್ಮೆ ಸೀರೆಯಲ್ಲೂ ಲೆನ್ಸ್ ಇಟ್ಟುಕೊಳ್ಳುವವಳು ಅವಳು!) ಬಗ್ಗಿ ನೋಡಿದಳು. ಅಕ್ಕ ದೇವರ ಫೋಟೋ ಕಡೆ ನೋಡಿದಳು.

"ಇದು ನಿಮ್ದಲ್ಲ ಅಂಕಲ್, ಪಾರಿವಾಳದ್ದು. ಮನೇಲಿ ಪಾರಿವಾಳ ಸಾಕಿದೀರಾ?"

ಶಿವಣ್ಣ ಹೆಂಡತಿಯ ಮುಖ ನೋಡಿದರು. ಹೆಂಡತಿ ನೆಲ ನೋಡಿದರು.

"ಅದೆಂಗವ್ವಾ ಗೊತ್ತಾಯ್ತು?" ಶಿವಣ್ಣನವರ ದನಿಯೇ ಬೇರೆಯಾಗಿತ್ತು.

ಸಹನಾ ಶುರು ಮಾಡಿದಳು. ಮನುಷ್ಯರ ತಲೆಹೇನು ಗಿಡ್ಡ, ರಕ್ತ ಕುಡಿಯುತ್ತದೆ, ಕೂದಲು ಹಿಡಿಯಲು ತಕ್ಕ ಉಗುರು ಅದಕ್ಕೆ. ಇದು ಸಪೂರ, ಕಡ್ಡಿಯಂತೆ ಉದ್ದ. ಪಾರಿವಾಳದ ರೆಕ್ಕೆಯ ಗರಿಯಲ್ಲಿ ಎಳೆ ಎಳೆಯ ನಡುವೆ ಸಂದಿ ಇರುತ್ತದಲ್ಲ, ಅಲ್ಲಿ ಮಲಗಿಬಿಟ್ಟರೆ ಕೊಕ್ಕಿಗೂ ಸಿಗುವುದಿಲ್ಲ. ಇದೇ ಹಕ್ಕಿಯ ಮೈಮೇಲಿನ ಮೆತ್ತನೆಯ ಪುಕ್ಕದಲ್ಲಿ ಇನ್ನೊಂದು ಬಗೆ ಇದೆ, ಅದು ದುಂಡಗೆ. ಇವೆರಡೂ ಪುಕ್ಕ ತಿನ್ನುತ್ತವೆಯೇ ಹೊರತು ರಕ್ತದ ಗೊಡವೆಗೆ ಹೋಗುವುದಿಲ್ಲ. ಗಂಡು ಹೆಣ್ಣು ತಿಳಿಯಲು ತಲೆಯ ಮುಂದೆ ಚಾಚಿದ ಮೀಸೆ ನೋಡಬೇಕು. ಹತ್ತಿರದ ಬಗೆಗಳನ್ನು ಬೇರೆ ಮಾಡಲು ಹೊಟ್ಟೆಯ ಮೇಲಿನ ಕೂದಲು ಎಲ್ಲೆಲ್ಲಿದೆ ಎಂದೂ ನೋಡಬೇಕು.

"ನಮ್ಮ ಮೈಮೇಲೆ ಇದು ಹೆಚ್ಚು ದಿನ ಬದುಕಲ್ಲ ಆಂಟಿ, ನೀವೇನೂ ಗಾಬರಿ ಆಗ್ಬೇಡಿ. ಮನೆ ಕ್ಲೀನಿಗೂ ಇದಕ್ಕೂ ಸಂಬಂಧ ಇಲ್ಲ" ಎಂದಳು ಜಯಮ್ಮನವರಿಗೆ. ಆ ತಾಯಿ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ನನಗೆ ಇನ್ನೊಂದು ತಮಾಷೆ ಹೊಳೆಯಿತು. ಸಂಬಂಧ ಕೂಡಿಸುವಾಗ ನಾವು ಜಾತಿ, ಒಳಜಾತಿ, ಬೆಡಗು, ನಕ್ಷತ್ರ, ಪಾದದವರೆಗೂ ವಿಚಾರಿಸುತ್ತೇವೆ. ಹೇನು ಮಾತ್ರ ಎಲ್ಲ ಒಂದೇ! ಆದರೆ ಪಾರಿವಾಳದ ಈ ಹೇನು ಕಾಗೆಯ ಮೇಲೆ ಸಂಸಾರ ಹೂಡುವುದಿಲ್ಲವಂತೆ. ಈ ವಿಷಯದಲ್ಲಿ ಅದು ನಮ್ಮ ದೊಡ್ಡಪ್ಪನಿಗಿಂತ ಕಟ್ಟುನಿಟ್ಟು.

ಶಿವಣ್ಣ ತಡೆಯಲಾರದೆ ಹೇಳಿಯೇಬಿಟ್ಟರು. "ತಾರಸಿ ಮೇಲೆ ಗೂಡು ಕಟ್ಟಿವ್ನಿ ಕಣವ್ವ. ಬೆಳಗ್ಗೆ ಹೊರಡೋ ಮುಂಚೆ ಒಂದ್ಸಲ ಮುಟ್ಟಿ ಬಂದೆ. ಇವ್ಳು ಹೇಳ್ಬೇಡ ಅಂದಿದ್ಲು."

"ಪಾರಿವಾಳ ಹಾರಿಸೋರು ಅಂದ್ರೆ ಪೋಲಿ ಬಿದ್ದೋರು ಅಂತಾರಲ್ಲ ಜನ" ಎಂದರು ಜಯಮ್ಮ, ಸಣ್ಣ ದನಿಯಲ್ಲಿ. "ಅದ್ಕೆ ಹೆಣ್ಣು ಕೊಡಲ್ಲ ಅಂದ್ಬುಟ್ರೆ ಅಂತ."

ನೋಡಿ ಸ್ವಾಮಿ! ಇವರು ಪಾರಿವಾಳ ಮುಚ್ಚಿಟ್ಟು ಬಂದಿದ್ದಾರೆ. ನಾವು ಪಾರಿವಾಳದ ಹೇನು ಮುಚ್ಚಿಟ್ಟು ಕಾಯುತ್ತಿದ್ದೇವೆ.

ಮುಂದೆ ನಮಗ್ಯಾರಿಗೂ ಕೆಲಸವಿರಲಿಲ್ಲ. ಒಂದು ಹಕ್ಕಿಯ ರೆಕ್ಕೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಿವೆ ಎಂದು ಶಿವಣ್ಣ, ಯಾವ ಗರಿ ಎಂದು ಸಹನಾ. ಅಕ್ಕನ ಅಪ್ಪಣೆಗೂ ಕಾಯದೆ ನಾನೇ ಮಂಚದ ಕೆಳಗೆ ನುಗ್ಗಿ ಮೈಕ್ರೋಸ್ಕೋಪು ಎಳೆದು ತಂದೆ. ಕಾಫಿ ಆರಿಹೋಯಿತು.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಪ್ರವೀಣ ಕೈ ಚಾಚಿದ. "ಲೆನ್ಸ್ ಸ್ವಲ್ಪ ಕೊಡ್ತೀರಾ? ನಾನೂ ನೋಡ್ಬೇಕು."

ಮುಖ ಸಿಂಡರಿಸದೆ, ಅವಸರ ಮಾಡದೆ ನೋಡಿದ. ತಲೆ ಎತ್ತಿ, "ಮೀಸೆ ಯಾವ್ದು, ಕಾಲು ಯಾವ್ದು ಗೊತ್ತಾಗ್ತಿಲ್ಲ. ತೋರಿಸಿ" ಎಂದ. ತಾನು ಮನಸ್ಸಿನಲ್ಲೇ ಒಪ್ಪಿದ್ದು ಆಗ ಎಂದು ಸಹನಾ ಆಮೇಲೆ ನನಗೆ ಹೇಳಿದಳು. ಸಂಬಳ ಕೇಳಿದವರು, ಅಡುಗೆ ಬರುತ್ತಾ ಎಂದು ಕೇಳಿದವರು ಎಷ್ಟೋ ಜನ ಬಂದಿದ್ದರು. ತೋರಿಸಿ ಎಂದವನು ಇವನೊಬ್ಬನೇ.

ಮೊನ್ನೆ ಮನೆ ನೋಡುವ ಶಾಸ್ತ್ರಕ್ಕೆ ಕುಣಿಗಲ್‌ಗೆ ಹೋಗಿದ್ದೆವು. ಯಾರೂ ಮನೆ ನೋಡಲಿಲ್ಲ, ನೇರ ತಾರಸಿಗೆ ಹತ್ತಿದೆವು. ಶಿವಣ್ಣ ಎರಡೂ ಕೈಯಲ್ಲಿ ಪಾರಿವಾಳ ಹಿಡಿದಿದ್ದರು. ಸಹನಾ ಹೇನು ಉದುರಿಸುವ ಪುಡಿ ಹಾಕಿ ಗರಿ ಕೆದರುತ್ತಿದ್ದಳು. ಪ್ರವೀಣ ಕೆಳಗೆ ಬಿಳಿ ಪೇಪರ್ ಹಿಡಿದಿದ್ದ. ಉದುರಿದ್ದನ್ನು ನೋಡಿ ನಮ್ಮಕ್ಕ, ಬಾಟಲಿ ಮುಟ್ಟದ ಅದೇ ನಮ್ಮಕ್ಕ, ಕೂಗಿದಳು. "ಅಲ್ಲೊಂದು ಓಡ್ತಿದೆ ಹಿಡಿಯೇ! ದುಂಡಗಿರೋದು!"

ಜಯಮ್ಮ ಎಲ್ಲರಿಗೂ ಮಜ್ಜಿಗೆ ತಂದರು. ತಾರಸಿಯಲ್ಲೇ ಮದುವೆ ಮಾತು ಮುಗಿಯಿತು. ನನಗೆ ಬಹಳ ದಿನದ ಮೇಲೆ ಹೊಟ್ಟೆ ತುಂಬ ಖುಷಿಯಾಯಿತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಭಾನುವಾರ ಅಷ್ಟು ಜನ ದೊಡ್ಡವರು ಇಸ್ತ್ರಿ ಬಟ್ಟೆ ಹಾಕಿಕೊಂಡು ಕೂತಿದ್ದೆವಲ್ಲ, ನಮ್ಮೆಲ್ಲರ ನಡುವೆ ತಾನು ಯಾರ ಮನೆಯದು ಎಂಬುದನ್ನು ಮುಚ್ಚಿಡದೆ ಬಂದಿದ್ದು ಆ ಹೇನು ಒಂದೇ ಅಲ್ಲವೇ?