ಚೀಲವಿಲ್ಲದ ಹೆಂಗಸರು

ನಮ್ಮ ಶಿಡ್ಲಘಟ್ಟದಲ್ಲಿ ಹೆಂಗಸೊಬ್ಬಳು ಕೈಯಲ್ಲಿ ಚೀಲವಿಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ನಿಂತಳೆಂದರೆ ಆಸ್ಪತ್ರೆಗೆ ಹೊರಟಳೆಂದೇ ಅರ್ಥ. ಇಲ್ಲವೇ ಕೋರ್ಟಿಗೆ. ಮೂರನೆಯ ಕಾರಣವೊಂದು ಇರಬಹುದೆಂದು ಯಾರಿಗೂ ಹೊಳೆದಿಲ್ಲ. ನನಗೂ ಹೊಳೆದಿರಲಿಲ್ಲ, ಹೊಳೆದದ್ದು ನೂರ್‌ಜಾನಳಿಗೆ.

ನೂರ್‌ಜಾನ್ ನನ್ನ ಶಾಲೆಯ ಕಾಲದ ಗೆಳತಿ, ಹಿಂದಿನ ಬೀದಿಯವಳು. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ. ಒಂದು ದಿನ ಗೂಡು ಬೇಯುವ ಆ ವಾಸನೆಯ ನಡುವೆಯೇ ನಿಂತು, "ಜಯಾ, ಚಿಕ್ಕಬಳ್ಳಾಪುರಕ್ಕೆ ಹೋಗಣ ಕಣೇ. ಸುಮ್ನೆ. ಏನೂ ತರೋದು ಬೇಡ, ಯಾರ ಮನೆಗೂ ಹೋಗೋದು ಬೇಡ. ಸಾಯಂಕಾಲ ಬರಿಗೈಲಿ ವಾಪಸ್ ಬರಣ" ಅಂದಳು. ಅವಳು ಹೇಳಿದಷ್ಟು ಸುಲಭವಿರಲಿಲ್ಲ.

"ಸುಮ್ನೆ ಅಂದ್ರೆ?" ಎಂದರು ನಮ್ಮ ಯಜಮಾನರು. ಆ ಮಾತಿನ ಅರ್ಥ ಅವರಿಗೆ ಗೊತ್ತಿಲ್ಲದ್ದೇನಲ್ಲ. ದಿನವೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅದನ್ನೇ ಮಾಡುತ್ತಾರೆ. ಗಂಡಸರು ಮಾಡಿದರೆ ಅದಕ್ಕೆ ನಾಲ್ಕು ಜನರ ಒಡನಾಟ ಎಂದು ಹೆಸರು. ನನ್ನ ಸುಮ್ಮನೆಯನ್ನು ಸಹಿಸಲಾರದೆ, ಪಾಪ, ಒಂದು ಕಾರಣ ದಯಪಾಲಿಸಿದರು: "ಹೆಂಗೂ ಹೋಗ್ತೀಯಲ್ಲ, ಮಿಕ್ಸಿ ಜಾರ್ ರಿಪೇರಿ ಮಾಡಿಸ್ಕೊಂಬಾ." ಅತ್ತೆ ಮಡಿಸಿದ ಚೀಲವೊಂದನ್ನು ನನ್ನ ಕಂಕುಳಿಗೆ ತುರುಕಿ, "ಬರಿಗೈಲಿ ಹೋದ್ರೆ ಜನ ಏನಂತಾರಮ್ಮ" ಎಂದರು.

ಜಾರು, ಚೀಲ ಎರಡನ್ನೂ ತುಳಸಿಕಟ್ಟೆಯ ಪಕ್ಕ ಇಟ್ಟು ಹೊರಟೆ. ತುಳಸಮ್ಮ ನೋಡಿಕೊಳ್ಳಲಿ.

ದೇವರ ದಯೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿದ್ದ ಪರಿಚಯದ ಹೆಂಗಸು ನಮ್ಮ ಖಾಲಿ ಕೈಗಳನ್ನು ನೋಡಿ, ದನಿ ಇಳಿಸಿ, "ಯಾರಿಗಮ್ಮ ಹುಷಾರಿಲ್ಲ?" ಎಂದು ಕೇಳಿದಳು.

"ಇಬ್ರೂ ಚೆನ್ನಾಗಿದೀವಿ ಅಕ್ಕ. ಅದಕ್ಕೇ ಹೊರಟಿದ್ದು" ಎಂದಳು ನೂರ್‌ಜಾನ್. ಆಕೆಗೆ ತುಂಬ ನಿರಾಸೆಯಾಯಿತು.

ಚಿಕ್ಕಬಳ್ಳಾಪುರದಲ್ಲಿ ನಾವು ಮಾಡಿದ್ದಿಷ್ಟೇ: ನಡೆದೆವು, ನಿಂತೆವು, ಮತ್ತೆ ನಡೆದೆವು. ಕೈಗಳನ್ನು ಎಲ್ಲಿಡಬೇಕೆಂದೇ ಮೊದಲು ತಿಳಿಯಲಿಲ್ಲ. ಹೋಟೆಲಿನಲ್ಲಿ ನಮ್ಮ ಕೈಯಿಂದ ಮಗುಚದ ದೋಸೆಯನ್ನು ಬಿಸಿಬಿಸಿಯಾಗಿ ತಿಂದೆವು. ಮನೆಯಲ್ಲಿ ನನ್ನ ಪಾಲಿಗೆ ಬರುವುದು ಕೊನೆಯ ದೋಸೆ, ಅದೂ ಹಿಟ್ಟು ಸಾಲದೆ ಅಂಗೈಯಗಲದ್ದು.

ಗಂಡಾಂತರ ಕಾದಿದ್ದದ್ದು ಮಾರ್ಕೆಟ್ಟಿನ ಬಳಿ. ಸೊಗಡು ತುಂಬಿದ ಅವರೇಕಾಯಿ ರಾಶಿ ಬಿದ್ದಿತ್ತು. ನೂರ್‌ಜಾನಳ ಕೈ ತಾನಾಗಿ ಮುಂದೆ ಹೋಯಿತು. ಮಣಿಕಟ್ಟು ಹಿಡಿದುಕೊಂಡೆ.

"ಮುಟ್ಬೇಡ ಕಣೇ. ಮುಟ್ಟಿದ್ರೆ ತಗೋತೀಯ, ತಗೊಂಡ್ರೆ ರಾತ್ರಿಯೆಲ್ಲ ಸುಲೀತೀಯ."

"ಅಲ್ಲಾ ನಿನಗೆ ಒಳ್ಳೇದು ಮಾಡ್ಲಿ" ಎಂದು ಕೈ ಹಿಂದೆಳೆದುಕೊಂಡಳು. ಆದರೂ ಎರಡು ಸಲ ತಿರುಗಿ ನೋಡಿದಳು.

ದಾರಿಯಲ್ಲಿ ಆಂಜನೇಯನ ಗುಡಿ. ನೂರ್‌ಜಾನ್ ಹೂವಿನವಳ ಪಕ್ಕ ಹರಟುತ್ತಾ ಕೂತಳು, ನಾನು ಒಳಗೆ ಹೋದೆ. ಕೈಮುಗಿದ ಮೇಲೆ ಕೇಳುವುದೇನೆಂದು ತೋಚಲಿಲ್ಲ. ದಿನವೂ ದೇವರೆದುರಿಗೂ ನಾನು ಚೀಲ ಹಿಡಿದೇ ನಿಲ್ಲುತ್ತೇನೆ: ಇವರ ಮಂಡಿನೋವು, ಮಗಳ ಪರೀಕ್ಷೆ, ಅತ್ತೆಯ ನಿದ್ದೆ. ಅಂದು, "ಸುಮ್ನೆ ಬಂದೆ ಸ್ವಾಮಿ" ಎಂದೆ. ಸುಮ್ಮನೆ ಅಂದರೇನು ಎಂದು ಕೇಳದಿದ್ದವನು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ.

ಸಂಜೆ ಮನೆಗೆ ಬಂದಾಗ ಅತ್ತೆ ಬತ್ತಿ ಹೊಸೆಯುತ್ತಿದ್ದರು. "ಏನು ತಂದೆ?"

"ಏನೂ ಇಲ್ಲ ಅತ್ತೆ."

ಯಜಮಾನರು ತುಳಸಿಕಟ್ಟೆಯ ಕಡೆ ನೋಡಿ, ನಿಟ್ಟುಸಿರುಬಿಟ್ಟು ಒಳಗೆ ಹೋದರು. ಅವರು ಹೋಗುವುದನ್ನೇ ಕಾಯುತ್ತಿದ್ದ ಅತ್ತೆ ಮೆಲ್ಲಗೆ ಹೇಳಿದರು: "ಚಿಕ್ಕಬಳ್ಳಾಪುರ ನಾನು ಎರಡೇ ಸಲ ನೋಡಿರೋದು. ಒಂದ್ಸಲ ಇವನ ಹೆರಿಗೆಗೆ, ಇನ್ನೊಂದ್ಸಲ ಕಣ್ಣಿನ ಆಪರೇಷನ್‌ಗೆ. ಆಗ ಕಣ್ಣಿಗೆ ಪಟ್ಟಿ ಕಟ್ಟಿದ್ರು." ಇನ್ನೊಂದು ಬತ್ತಿ ಹೊಸೆದರು. "ಮುಂದಿನ್ ಸಲ ಹೋಗೋವಾಗ ಹೇಳಮ್ಮ. ಚೀಲ ನಾನೂ ತರಲ್ಲ."

ಮರುದಿನ ಬೆಳಗ್ಗೆ ಆ ಚೀಲವನ್ನು ಜಾರ್ ಸಮೇತ ಯಜಮಾನರ ಕೈಗೆ ಕೊಟ್ಟೆ. ಟೀ ಅಂಗಡಿಗೆ ಹೆಂಗೂ ಹೋಗುತ್ತಾರಲ್ಲ.