ಅಪ್ಪನ ಕುರ್ಚಿಯಷ್ಟೇ ಎತ್ತರದ ಗಾಡಿ

ನಮ್ಮ ಮೆಕ್ಯಾನಿಕ್‌ನ ಎಡಗಿವಿಯ ಮೇಲೆ ಸದಾ ಒಂದು ಗ್ರೀಸಿನ ಬೊಟ್ಟು. ದೃಷ್ಟಿಯಾಗದಿರಲೆಂದು ಇಟ್ಟದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವುದು ಅವನ ಅಭ್ಯಾಸ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಲೇತ್ ಓಡಿಸುತ್ತಿದ್ದ ಕಾಲದಿಂದ ರಾಜಗೋಪಾಲನಗರದ ಅವನ ಗ್ಯಾರೇಜೇ ನನಗೆ ಗತಿ. ಒಮ್ಮೆ ಸ್ಕೂಟರಿನ ಡಿಕ್ಕಿಯೊಳಗೆ ಗೋಲಿ ಹಾಕಿ, "ಏನೋ ಲೊಟಲೊಟ ಅಂತಿದೆ, ನೋಡು" ಎಂದು ಬಿಟ್ಟು, ಎದುರಿನ ಟೀ ಅಂಗಡಿಯಲ್ಲಿ ಕಿಸಿಕಿಸಿ ನಗುತ್ತಾ ಕೂತೆ. ಟೀ ಮುಗಿಯುವ ಮೊದಲೇ ಬಂದು ಗೋಲಿಯನ್ನು ನನ್ನ ಲೋಟಕ್ಕೇ ಹಾಕಿದ. "ಗಾಡಿ ಚೆನ್ನಾಗೈತಣ್ಣ. ರಿಪೇರಿ ಆಗ್ಬೇಕಿರೋದು ಓನರ್ರು."

ಇಡೀ ಪೀಣ್ಯದಲ್ಲಿ ಕೀಟಲೆಯಲ್ಲಿ ನನ್ನನ್ನು ಸೋಲಿಸಿದವನು ಅವನೊಬ್ಬನೇ.

ಈಗ ನನಗೆ ಅರವತ್ತೆರಡು, ಅಪ್ಪನಿಗೆ ಎಂಬತ್ತಾರು. ಹೋದ ವರ್ಷ ಮದುವೆ ಛತ್ರದ ಮುಂದೆ, ನೆಂಟರೆಲ್ಲ ನೋಡುತ್ತಿರುವಾಗ, ನನ್ನ ತಗ್ಗಿನ ಹಳೆಯ ಕಾರಿನಿಂದ ಅಪ್ಪನಿಗೆ ಏಳಲಾಗಲಿಲ್ಲ. ನಾನೂ ಭಾವಮೈದನೂ ಕಂಕುಳಿಗೆ ಕೈ ಹಾಕಿ ಮೂಟೆಯಂತೆ ಎತ್ತಿ ಇಳಿಸಿದೆವು. ಅವತ್ತು ಅಪ್ಪ ಊಟ ಮಾಡಲಿಲ್ಲ. "ಇನ್ಮೇಲೆ ನನ್ ಹೆಣಾನೇ ಕಾರ್ ಹತ್ತೋದು" ಎಂದುಬಿಟ್ಟರು. ಅವರು ಹೊರಡದೆ ಅಮ್ಮ ಹೊರಡುವವಳಲ್ಲ. ಮಾದನಾಯಕನಹಳ್ಳಿಯಲ್ಲಿರುವ ತನ್ನ ತಂಗಿಯ ಮುಖ ನೋಡದೆ ಅಮ್ಮನಿಗೆ ಎಂಟು ತಿಂಗಳಾಯಿತು.

ಕಾರಿಗಿಂತ ಎತ್ತರ, ಜೀಪಿಗಿಂತ ತಗ್ಗು, ಕ್ರಾಸ್‌ಓವರ್ ಅನ್ನುತ್ತಾರಲ್ಲ, ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ನಿರ್ಧರಿಸಿದೆ. ನನ್ನಂಥ ಜಾಣ ಸುಮ್ಮನಿರುತ್ತಾನೆಯೇ? ಮೊಬೈಲಿನಲ್ಲಿ ಒಂದು ಕೆಂಪು ಗಾಡಿಯನ್ನು ಆರಿಸಿಯೂ ಆಗಿತ್ತು. ಮೆಕ್ಯಾನಿಕ್ ಆ ಫೋಟೊ ನೋಡಲೇ ಇಲ್ಲ.

"ಯಜಮಾನ್ರು ಮನೇಲಿ ಯಾವ್ ಕುರ್ಚಿಯಿಂದ ಯಾರ್ ಕೈನೂ ಹಿಡೀದೆ ಏಳ್ತಾರೆ?"

"ಕಾರ್ ತಗೊಳ್ಳೋಕ್ ಬಂದಿದೀನಿ ಕಣೋ, ಸೋಫಾ ಸೆಟ್ ಅಲ್ಲ."

"ಕುರ್ಚಿ ತೋರ್ಸು ನಡಿಯಣ್ಣ."

ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅವರ ಬೆತ್ತದ ಕುರ್ಚಿಯಲ್ಲಿ ತಾನೇ ಕೂತು ಎದ್ದ. ನೆಲದಿಂದ ಸೀಟಿನವರೆಗೆ ದಾರ ಹಿಡಿದು, ಗಂಟು ಹಾಕಿ, ಜೇಬಿಗಿಳಿಸಿದ.

ತುಮಕೂರು ರಸ್ತೆಯಲ್ಲಿ ಹಳೆ ಕಾರು ಮಾರುವವನ ಅಂಗಳಕ್ಕೆ ಹೋದೆವು. ನನ್ನ ಕೆಂಪು ಸುಂದರಿಯ ಸೀಟು ದಾರದ ಗಂಟಿಗಿಂತ ಒಂದು ಗೇಣು ಮೇಲಿತ್ತು. "ಇದ್ರ ಜೊತೆ ಏಣಿನೂ ಕೊಡ್ತಾರಾ ಕೇಳಣ್ಣ" ಎಂದ ಮೆಕ್ಯಾನಿಕ್. ಬಿಳಿಯದೊಂದರ ಸೀಟು ಗಂಟಿಗೆ ಸರಿಹೋಯಿತು. "ಡಾಕ್ಟರ್ ಓಡಿಸ್ತಿದ್ದ ಗಾಡಿ ಸಾರ್, ಸಿಂಗಲ್ ಓನರ್" ಎಂದ ಮಾರುವವನು. ನಾನು ಕೈ ಕುಲುಕಲು ಮುಂದಾದೆ. ಮೆಕ್ಯಾನಿಕ್ ಸೀಟ್ ಬೆಲ್ಟನ್ನು ಕೊನೆ ಸಿಗುವವರೆಗೆ ಎಳೆದ. ಒಳಗಿನ ಮೊಳದುದ್ದದ ಮೇಲೆ ಒಣಗಿದ ಕೆಸರು.

"ಡಾಕ್ಟ್ರು ಇದ್ರಲ್ಲಿ ಮೀನ್ ಹಿಡಿಯಾಕ್ ಹೋಗಿದ್ರಾ? ಮಳೆ ನೀರಲ್ಲಿ ಮುಳುಗೆದ್ದಿರೋ ಗಾಡಿ ಕಣಣ್ಣ ಇದು."

ಮಾರುವವನು ಆಕಾಶ ನೋಡಿದ.

ಮೂಲೆಯಲ್ಲೊಂದು ಹುಣಸೆಹಣ್ಣಿನ ಬಣ್ಣದ ಗಾಡಿ ನಿಂತಿತ್ತು, ಬಂಪರಿನ ತುಂಬ ಗೀರು. ಸೀಟು ಗಂಟಿಗೆ ಕರಾರುವಾಕ್ಕಾಗಿ ಕೂತಿತು. ಬೆಲ್ಟು ಸ್ವಚ್ಛ. ಆಮೇಲಷ್ಟೇ ಅವನು ಇಂಜಿನ್ನಿಗೆ ಕಿವಿ ಕೊಟ್ಟ, ಕೇಳಿ, ತಲೆಯಾಡಿಸಿದ. ಆದರೂ ಯಜಮಾನರು ಹತ್ತಿ ಇಳಿಯುವವರೆಗೆ ಮಾತು ಕೊಡಬೇಡ ಎಂದ. ಮಾರುವವನಿಂದಲೇ ಗಾಡಿಯನ್ನು ಮನೆ ಮುಂದಕ್ಕೆ ತರಿಸಿದೆವು.

ಅಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಕರೆದರೆ ಬರುವವರಲ್ಲ. ಇಲ್ಲಿ ಮಾತ್ರ ನನ್ನ ಕೈಚಳಕ ಬೇಕಾಯಿತು.

"ಅಪ್ಪಾ, ಈ ಗಾಡಿ ಬೇಡ ಅಂತಾನೆ ಮೆಕ್ಯಾನಿಕ್ಕು. ನಿಮ್ ಕೈಲಿ ಹತ್ತೋಕಾಗಲ್ವಂತೆ."

ಮೆಕ್ಯಾನಿಕ್ ನನ್ನನ್ನು ದುರುಗುಟ್ಟಿ ನೋಡಿದ. ಮರುಗಳಿಗೆಯಲ್ಲೇ ಅವನಿಗೆ ನನ್ನ ಆಟ ಹೊಳೆಯಿತು. "ಊಂ ಯಜಮಾನ್ರೇ, ವಯಸ್ಸಾಗೈತಲ್ಲ..."

"ಯಾರಿಗ್ಲಾ ವಯಸ್ಸಾಗಿರೋದು?" ಅಪ್ಪ ಪೇಪರ್ ಒಗೆದು ಎದ್ದು ಬಂದರು. ಗಾಡಿಯ ಬಾಗಿಲಿಗೆ ಬೆನ್ನು ಮಾಡಿ ಸೀಟಿನಲ್ಲಿ ಕೂತು, ಒಂದೊಂದೇ ಕಾಲನ್ನು ಒಳಗೆಳೆದುಕೊಂಡರು. ನನಗರಿವಿಲ್ಲದೆ ನನ್ನ ಕೈ ಮುಂದೆ ಹೋಗಿತ್ತು. ಮೆಕ್ಯಾನಿಕ್ ಅದರ ಮೇಲೆ ಪಟ್ಟನೆ ಹೊಡೆದ.

"ಕೈ ತೆಗಿ! ನೀ ಹಿಡಿದ್ರೆ ಅದು ನಿನ್ ಗಾಡಿ. ಹಿಡೀದಿದ್ರೆ ಅವರ್ದು." ಅಪ್ಪನ ಕಡೆ ತಿರುಗಿ, "ಹತ್ತೋದೇನ್ ಮಹಾ? ಇಳೀರಿ ನೋಡಾಣ" ಎಂದ.

ಅಪ್ಪ ಪಾದಗಳನ್ನು ನೆಲಕ್ಕೂರಿದರು. ಅರ್ಧ ಎದ್ದು ಮತ್ತೆ ಕೂತರು. ಅಮ್ಮ ಮನೆ ಬಾಗಿಲಲ್ಲಿ ಸೆರಗು ಕಚ್ಚಿಕೊಂಡಳು. ನಾನು ಎರಡೂ ಕೈಗಳನ್ನು ಜೇಬಿಗೆ ತುರುಕಿದೆ. ಮತ್ತೊಮ್ಮೆ ಮಂಡಿಗೆ ಕೈ ಕೊಟ್ಟು ಅಪ್ಪ ಎದ್ದು ನಿಂತರು. ನೆಟ್ಟಗೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಯಾರ್‍ಯಾರು ನೋಡಿದರೆಂದು ಕಣ್ಣಾಡಿಸಿ, ಮತ್ತೆ ಹತ್ತಿ ಕೂತರು.

"ಲೇ ಇವಳೇ, ಸೀರೆ ಬದ್ಲಾಯ್ಸು. ನಿನ್ ತಂಗಿ ಮನೆಗ್ ಹೋಗಾಣ."

"ಸಾರ್, ಇನ್ನೂ ಪೇಪರ್ಸೇ ಆಗಿಲ್ಲ!" ಮಾರುವವನು ಕಿರುಚಿದ.

"ಹಿಂದೆ ಕೂತ್ಕೊಳಪ್ಪ. ದಾರೀಲಿ ಮಾಡ್ಕೊಡು" ಎಂದರು ಅಪ್ಪ.

ಈಗ ಅಪ್ಪ ಬಂದುಹೋದವರಿಗೆಲ್ಲ ಗಾಡಿ ತೋರಿಸಿ, "ನಾನೇ ಹತ್ತಿ ಇಳಿದು ನೋಡಿ ಆರಿಸಿದ್ದು" ಎನ್ನುತ್ತಾರೆ. "ನಾನು ಕೀಟಲೆ ಮಾಡದಿದ್ರೆ ನೀವು ಜಗುಲಿ ಬಿಟ್ಟೇ ಏಳ್ತಿರಲಿಲ್ಲ" ಎಂದು ನಾನು ಬೀಗುತ್ತೇನೆ. ಇಬ್ಬರಿಗೂ ಜಗಳ. ಮೆಕ್ಯಾನಿಕ್ ಎದುರಿಗೇ ಇದ್ದರೂ ಒಂದು ದಿನವೂ ಬಾಯಿ ಹಾಕಿಲ್ಲ. ನಮ್ಮಮ್ಮ ಕೊಟ್ಟ ಕಾಫಿ ಕುಡಿದು ಎದ್ದು ಹೋಗುತ್ತಾನೆ.

ಬಾಯಲ್ಲಿ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ: ಆ ಗಾಡಿ ಆರಿಸಿದವನು ಅವನು. ಅಪ್ಪನ ಕಣ್ಣಿಗೆ ಮಾತ್ರ ಇದು ಬೀಳದಿರಲಿ.